ಗರತಿಯಲ್ಲದವಳ ಹಾಡು ಯಾರು ಬರೆದುಕೊಂಡರು?

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)





ಶಿಬಿರದ ವಿಷಯಗಳ ಪಟ್ಟಿ ಗೋಡೆಗೆ ಹಚ್ಚಿದಾಗ ಮೊದಲನೆಯದು ಗಾಯರಾಣ ಭೂಮಿ, ಎರಡನೆಯದು ಒಳಮೀಸಲಾತಿ. ಅವುಗಳನ್ನು ಓದಿ ಎಲ್ಲರೂ ತಲೆ ಹಾಕಿದರು. ಮೂರನೆಯದನ್ನು ಓದಿ ಹಿಂದಿನ ಸಾಲಿನ ಹುಡುಗರು ಬಾಯಿಗೆ ಟವೆಲ್ಲು ಹಿಡಿದು ನಕ್ಕರು. ಮೂರನೆಯದು, ಹೆಣ್ಣು ಹೆಣ್ಣನ್ನು ಒಲಿಯುವ ಮಾತು. ಒಬ್ಬ ಹಿರಿಯರು ಸಿಟ್ಟಿನಿಂದಲೇ ಕೇಳಿದರು: "ಕುಡಿಯೋ ನೀರಿಗೆ ಇನ್ನೂ ಬಡಿದಾಡಾಕತ್ತೇವಿ, ಸತ್ತವರನ್ನ ಹೂಳಾಕ ಜಾಗ ಇಲ್ಲ. ಇದ್ಯಾಕ ತಂದ್ರಿ? ಇದು ಬೆಂಗಳೂರು ಮುಂಬೈ ದೊಡ್ಡ ಮನಿ ಮಂದಿ ಚಟ. ನಮ್ಮ ಕೇರಿಗೆ ಇದರ ಗೊಡವೆ ಯಾಕ?"

ಅವರ ಪ್ರಶ್ನೆಗೇ ಉತ್ತರ ಕೊಡಲು ನಾವಿಲ್ಲಿ ನಿಂತಿದ್ದೇವೆ. ನಗುವವರು ಈಗಲೇ ನಕ್ಕು ಮುಗಿಸಿರಿ. ಆಮೇಲೆ ಕೇಳಿರಿ.

ಮೊದಲು ಒಂದು ತಪ್ಪೊಪ್ಪಿಗೆ. ಈ ನಾಲ್ಕು ತಾಲೂಕಿನ ಒಂದು ಊರು. ಹೆಸರು ಹೇಳುವುದಿಲ್ಲ. ನಮ್ಮ ಕೇರಿಯ ಇಬ್ಬರು ಹುಡುಗಿಯರು. ಒಂದೇ ಸಾಲಿನಲ್ಲಿ ಕಳೆ ತೆಗೆಯುವವರು, ತೊಗರಿ ಕೊಯ್ಲಿಗೆ ಒಂದೇ ಬುತ್ತಿ ಕಟ್ಟುವವರು. ಊರು ಅವರನ್ನು "ಜೋಡೆತ್ತು" ಅಂತ ಅಕ್ಕರೆಯಿಂದಲೇ ಕರೆಯುತ್ತಿತ್ತು. ಒಬ್ಬಳಿಗೆ ಗಂಡು ಗೊತ್ತಾಯಿತು. ಅವತ್ತು ರಾತ್ರಿ ಇಬ್ಬರೂ ಮನೆ ಬಿಟ್ಟು ಬಂದರು. ಎಲ್ಲಿಗೆ? ಪೊಲೀಸ್ ಠಾಣೆಗೆ ಹೋಗಲಿಲ್ಲ, ಗುಡಿಗೆ ಹೋಗಲಿಲ್ಲ. ನಮ್ಮ ಸಂಘದ ಖೋಲಿಗೆ ಬಂದರು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇದ್ದ ಖೋಲಿಗೆ. "ನಾವು ಇಬ್ಬರೂ ಕೂಡಿ ದುಡದು ತಿಂತೀವಿ, ನಮ್ಮನ್ನ ಅಗಲಸಬ್ಯಾಡ್ರಿ" ಅಂದರು. ಇಬ್ಬರಿಗೂ ಹದಿನೆಂಟು ದಾಟಿತ್ತು.

ನಾವೇನು ಮಾಡಿದೆವು? ಬೇರೆ ಜಾತಿಯ ಹುಡುಗ ಹುಡುಗಿ ಹೀಗೇ ಓಡಿಬಂದಾಗ ರಾತ್ರೋರಾತ್ರಿ ಜೀಪು ಮಾಡಿ ರಿಜಿಸ್ಟರ್ ಮದುವೆ ಮಾಡಿಸಿದವರು ನಾವು. ಅದಕ್ಕಾಗಿ ಕಲ್ಲೇಟು ತಿಂದವರು ನಾವು. ಇವರಿಬ್ಬರಿಗೆ ಚಹಾ ಕುಡಿಸಿದೆವು, ಬುದ್ಧಿ ಹೇಳಿದೆವು, ಬೆಳಗಾಗುವುದರೊಳಗೆ ಅವರವರ ಮನೆಗೆ ಮುಟ್ಟಿಸಿ ಬಂದೆವು. "ಮರ್ಯಾದಿ ಉಳಿಸಿದ್ರಿ" ಅಂತ ಹಿರಿಯರು ಬೆನ್ನು ಚಪ್ಪರಿಸಿದರು. ಒಬ್ಬಳು ಈಗ ಮಹಾರಾಷ್ಟ್ರದ ಕಬ್ಬಿನ ಗ್ಯಾಂಗಿನಲ್ಲಿ ಗಂಡನ ಹಿಂದೆ ಇದ್ದಾಳೆ. ಇನ್ನೊಬ್ಬಳು ಗೋವಾದಲ್ಲಿ ಸಿಮೆಂಟು ಹೊರುತ್ತಾಳೆ. ಇಬ್ಬರೂ ಬದುಕಿದ್ದಾರೆ. ಬದುಕಿದ್ದಾರೆ ಅಷ್ಟೇ.

ಯಾವ ಮರ್ಯಾದಿ ಉಳಿಸಿದೆವು ನಾವು? ಯಾರ ಮರ್ಯಾದಿ? ಈ ಪ್ರಶ್ನೆ ನಮ್ಮನ್ನು ಮಲಗಗೊಡಲಿಲ್ಲ. ಅದಕ್ಕೇ ಓದಲು ಕೂತೆವು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

"ಇಂಥಾದ್ದು ನಮ್ಮಲ್ಲಿ ಹಿಂದ ಇತ್ತೇನು?" ಅಂತ ಎಲ್ಲರೂ ಕೇಳುತ್ತಾರೆ. ಶಹರದ ಪಂಡಿತರು ಇದಕ್ಕೆ ಗುಡಿಯ ಗೋಡೆಯ ಮೇಲಿನ ಶಿಲ್ಪ ತೋರಿಸುತ್ತಾರೆ. ನೋಡಿ, ಕಲ್ಲಿನಲ್ಲೇ ಕೆತ್ತಿದ್ದಾರೆ, ನಮ್ಮ ಸಂಸ್ಕೃತಿ ಎಷ್ಟು ಉದಾರ ಅನ್ನುತ್ತಾರೆ. ಆ ಗುಡಿಯೊಳಗೆ ನಮ್ಮನ್ನು ಬಿಟ್ಟಿರಲಿಲ್ಲ. ಅದರ ಗೋಡೆಯಲ್ಲಿ ನಮ್ಮ ಚರಿತ್ರೆ ಹುಡುಕಲು ನಾವು ಹೋಗುವುದಿಲ್ಲ. ನಾವು ಬೀಸುವ ಕಲ್ಲಿನ ಹತ್ತಿರ ಹೋಗೋಣ.

ಇಂಡಿ ಸೀಮೆಯವರಿಗೆ ಹಲಸಂಗಿ ಗೊತ್ತು. ಈಗ ಚಡಚಣ ತಾಲೂಕಿಗೆ ಸೇರಿದೆ. ಅಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಅವರ ಗೆಳೆಯರು ಸೇರಿ ನಮ್ಮ ಅವ್ವಂದಿರು ಬೀಸುವಾಗ ಕುಟ್ಟುವಾಗ ಹಾಡಿದ ಪದಗಳನ್ನು ಕೂಡಿಸಿದರು. 1931ರಲ್ಲಿ ಪುಸ್ತಕವಾಯಿತು. ದೊಡ್ಡ ಕೆಲಸ. ಅದಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಪುಸ್ತಕದ ಹೆಸರು ನೋಡಿರಿ, ಗರತಿಯ ಹಾಡು. ಗರತಿ ಅಂದರೆ ಗಂಡನ ಮನೆಯಲ್ಲಿ ಬಾಳಿದವಳು, ತವರಿಗೆ ಹೆಸರು ತಂದವಳು. ಬೀಸುವ ಕಲ್ಲಿಗೆ ಎದುರುಬದುರು ಇಬ್ಬರು ಹೆಂಗಸರು ಕೂತು ಒಂದೇ ಗೂಟ ಹಿಡಿದು ನಸುಕಿನಲ್ಲಿ ಬೀಸುತ್ತಿದ್ದರು. ನಾಲ್ಕು ಕೈ, ಒಂದು ಗೂಟ, ಒಂದು ಹಾಡು. ಅವರಲ್ಲಿ ಗರತಿಯರು ಇದ್ದರು. ಗಂಡ ಬಿಟ್ಟವರಿದ್ದರು, ಗಂಡನನ್ನು ಬಿಟ್ಟು ಬಂದವರಿದ್ದರು, ಮುತ್ತು ಕಟ್ಟಿಸಿಕೊಂಡವರಿದ್ದರು. ಎದುರಿಗೆ ಕೂತ ಗೆಳತಿಗಾಗಿಯೇ ನಸುಕಿನಲ್ಲಿ ಏಳುತ್ತಿದ್ದವರೂ ಇದ್ದಿರಬೇಕು. ಗರತಿಯಲ್ಲದವಳ ಹಾಡನ್ನು ಯಾರು ಬರೆದುಕೊಂಡರು?

ಆ ಹಾಡುಗಳೆಲ್ಲ ಇಂಥ ಪ್ರೀತಿಯವೇ ಅಂತ ನಾವು ಹೇಳುತ್ತಿಲ್ಲ. ದಾಖಲೆ ಇಲ್ಲ ಅಂದಮಾತ್ರಕ್ಕೆ ಮನುಷ್ಯರೇ ಇರಲಿಲ್ಲ ಅನ್ನುವ ನ್ಯಾಯ ನಮಗೆ ಗೊತ್ತಿರುವ ಹಳೆಯ ನ್ಯಾಯ ಅಂತಷ್ಟೇ ಹೇಳುತ್ತೇವೆ. ನಮ್ಮ ಮುತ್ತಜ್ಜನ ಹೆಸರು ಯಾವ ಶಾಸನದಲ್ಲೈತಿ? ಕೆರೆ ತೋಡಿದವನ ಹೆಸರು ಕೆರೆಯ ಕಲ್ಲಿನ ಮೇಲಿಲ್ಲ. ಹಂಗಂತ ಕೆರೆ ತನ್ನಷ್ಟಕ್ಕೆ ತಾನೇ ತೋಡಿಕೊಂಡಿತೇನು?

ದಾಖಲೆ ಬೇಕೇ ಬೇಕು ಅನ್ನುವವರಿಗೆ ಒಂದು ದಾಖಲೆ ತೋರಿಸುತ್ತೇವೆ. ಅದು ವೈರಿಯ ಮನೆಯಲ್ಲೇ ಐತಿ. ಮನುಸ್ಮೃತಿಯ ಎಂಟನೆಯ ಅಧ್ಯಾಯ ತೆಗೆಯಿರಿ, 369 ಮತ್ತು 370ನೆಯ ಶ್ಲೋಕ. ಕನ್ಯೆ ಕನ್ಯೆಯನ್ನು ಕೂಡಿದರೆ ಇನ್ನೂರು ಪಣ ದಂಡ, ಎರಡು ಪಟ್ಟು ತೆರ, ಮೇಲೆ ಹತ್ತು ಏಟು. ದೊಡ್ಡ ಹೆಂಗಸು ಕನ್ಯೆಯನ್ನು ಕೂಡಿದರೆ ಅವಳ ತಲೆ ಬೋಳಿಸಬೇಕು, ಇಲ್ಲವೇ ಎರಡು ಬೆರಳು ಕತ್ತರಿಸಬೇಕು, ಕತ್ತೆಯ ಮೇಲೆ ಕೂಡಿಸಿ ಮೆರೆಸಬೇಕು. ಇಲ್ಲದ ಕಳ್ಳನಿಗಾಗಿ ಯಾರೂ ಚೌಕಿ ಕಟ್ಟುವುದಿಲ್ಲ. ಅಂಥ ಹೆಣ್ಣುಗಳು ಇದ್ದರು, ಅದಕ್ಕೇ ಶಿಕ್ಷೆ ಬರೆದರು. ತಲೆ ಬೋಳಿಸುವುದು, ಕತ್ತೆಯ ಮೇಲೆ ಮೆರೆಸುವುದು. ಈ ಶಿಕ್ಷೆ ನಮಗೇನು ಹೊಸದೇ? ಮೇಲಿನ ಓಣಿಯವರು ನಮ್ಮವರಿಗೆ ಕೊಟ್ಟ ಶಿಕ್ಷೆಗಳ ಪಟ್ಟಿಯಲ್ಲಿ ಇವು ಇಲ್ಲವೇ? ಒಂದೇ ಪುಸ್ತಕ, ಒಂದೇ ಕೈ, ಒಂದೇ ಕತ್ತೆ.

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳುತನದಲ್ಲಿ ಆ ಪುಸ್ತಕ ಸುಟ್ಟರು. ನಾವು ಪ್ರತಿ ವರ್ಷ ಆ ದಿನ ಆಚರಿಸುತ್ತೇವೆ. ಕೇಳಿರಿ ಸಂಗಾತಿಗಳೇ: ಆ ಬೆಂಕಿಯಲ್ಲಿ ಸುಟ್ಟಿದ್ದು ನಮಗೆ ಬೇಕಾದ ಹಾಳೆಗಳು ಅಷ್ಟೇ ಏನು? ಶೂದ್ರನ ಕಿವಿಗೆ ಕಾದ ಎಣ್ಣೆ ಸುರಿಯುವ ಧರ್ಮ ಮಾತ್ರ ಸುಡಲಿ, ಹೆಣ್ಣಿನ ಬೆರಳು ಕತ್ತರಿಸುವ ಶ್ಲೋಕ ಉಳಿಯಲಿ ಅಂತ ಯಾರಾದರೂ ಆ ಎರಡು ಹಾಳೆ ಹರಿದು ಕಿಸೆಯಲ್ಲಿ ಇಟ್ಟುಕೊಂಡು ಬಂದರೇನು? ಆ ಇಬ್ಬರು ಹುಡುಗಿಯರನ್ನು ಹಿಂದಕ್ಕೆ ಕಳಿಸಿದ ರಾತ್ರಿ ಆ ಎರಡು ಹಾಳೆ ನಮ್ಮ ಕಿಸೆಯಲ್ಲೇ ಇದ್ದವು.

ಈಗ ಜಾತಿಯ ಮಾತಿಗೆ ಬರೋಣ. 1916ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಾಬಾಸಾಹೇಬರು ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಅವರಿಗೆ ಆಗ 25 ವರ್ಷ. ಇಲ್ಲಿ ಕೂತ ನಮ್ಮ ಬಹಳ ಮಂದಿಯ ವಯಸ್ಸು. ಜಾತಿ ಹೇಗೆ ನಿಂತಿದೆ ಅಂತ ಅವರು ಕೇಳಿದರು. ಜಾತಿಯೊಳಗೇ ಮದುವೆ ಅನ್ನುವ ಕಟ್ಟಿನ ಮೇಲೆ ನಿಂತಿದೆ ಅಂತ ತೋರಿಸಿದರು. ಆ ಕಟ್ಟು ಉಳಿಯಬೇಕಾದರೆ ಜಾತಿಯೊಳಗೆ ಗಂಡು ಹೆಣ್ಣಿನ ಲೆಕ್ಕ ಸರಿಹೋಗಬೇಕು. ಗಂಡ ಸತ್ತ ಹೆಣ್ಣು ಲೆಕ್ಕಕ್ಕಿಂತ ಹೆಚ್ಚಾಗುತ್ತಾಳೆ. ಅವಳನ್ನೇನು ಮಾಡಬೇಕು? ಸುಡು, ಇಲ್ಲವೇ ತಲೆ ಬೋಳಿಸಿ ಮೂಲೆಗೆ ಕೂಡಿಸು. ಗಂಡಿಗೆ ಹೆಣ್ಣು ಕಡಿಮೆ ಬಿದ್ದರೆ ಹಾಲುಗಲ್ಲದ ಕೂಸಿಗೆ ತಾಳಿ ಕಟ್ಟು. ಸತಿ, ವಿಧವೆಯ ಗೋಳು, ಬಾಲ್ಯವಿವಾಹ ಇವು ಮೂರೂ ಜಾತಿಯ ಲೆಕ್ಕ ಸರಿಮಾಡಲು ಹುಟ್ಟಿದವು ಅಂತ ಅವರು ವಿವರಿಸಿದರು.

ನಾವು ಆ ಲೆಕ್ಕವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತೇವೆ. ಯಾವ ಗಂಡೂ ಬೇಡ, ನನಗೆ ಇವಳೇ ಸಾಕು ಅನ್ನುವ ಹೆಣ್ಣು ಆ ಲೆಕ್ಕದ ಪುಸ್ತಕದಲ್ಲಿ ಎಲ್ಲಿ ಕೂಡುತ್ತಾಳೆ? ಕೂಡುವುದೇ ಇಲ್ಲ. ಅವಳಿಗೆ ಮನೆಯೇ ಇಲ್ಲ, ಕಾಲಮ್ಮೇ ಇಲ್ಲ. ಹೆಣ್ಣು ಯಾರ ಜೊತೆ ಮಲಗಬೇಕು, ಯಾರಿಗೆ ಹಡೆಯಬೇಕು ಅನ್ನುವುದನ್ನು ಊರು ಗೊತ್ತು ಮಾಡುವವರೆಗೆ ಜಾತಿ ಸಾಯುವುದಿಲ್ಲ. ಅಂದಮೇಲೆ ಅವಳ ಹಟ ಬರೀ ಅವಳ ಮನಸ್ಸಿನ ಹಟವಲ್ಲ. ಅವಳಿಗೆ ಗೊತ್ತಿರಲಿ ಬಿಡಲಿ, ಜಾತಿಯ ಗೂಟಕ್ಕೇ ಅವಳು ಕೊಡಲಿ ಹಾಕಿದ್ದಾಳೆ. ಹಿರಿಯರು ಕೇಳಿದ್ದಕ್ಕೆ ನಮ್ಮ ಉತ್ತರ ಇದು. ಇದು ನೀರಿನ ಹೋರಾಟ ಬಿಟ್ಟು ಹಿಡಿದ ಬೇರೆ ಹಾದಿಯಲ್ಲ. ಹೆಣ್ಣಿನ ಮೈ ಯಾರ ಆಸ್ತಿ ಅನ್ನುವುದನ್ನು ಬಿಟ್ಟು ಜಾತಿವಿನಾಶದ ಮಾತಾಡಿದರೆ ಅದು ಅರ್ಧ ಮಾತು.

ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ರಘುನಾಥ ಧೋಂಡೋ ಕರ್ವೆ ಅಂತ ಒಬ್ಬರು ಮುಂಬಯಿಯಲ್ಲಿ 'ಸಮಾಜ ಸ್ವಾಸ್ಥ್ಯ' ಅನ್ನುವ ಮರಾಠಿ ಮಾಸಪತ್ರಿಕೆ ನಡೆಸುತ್ತಿದ್ದರು. ದೇಹದ ವಿಷಯ, ಸಂತಾನ ನಿಯಂತ್ರಣದ ವಿಷಯ ಮುಚ್ಚುಮರೆಯಿಲ್ಲದೆ ಬರೆಯುವವರು. ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದಿದ್ದಕ್ಕೆ ಅವರ ಮೇಲೆ ಅಶ್ಲೀಲದ ಕೇಸು ಬಿತ್ತು. ಆ ಪ್ರಶ್ನೆಗಳಲ್ಲಿ ಸಲಿಂಗಪ್ರೇಮದ ಪ್ರಶ್ನೆಯೂ ಇತ್ತು. 1934ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಅವರ ಪರ ನಿಂತ ವಕೀಲರು ಯಾರು ಗೊತ್ತೇ? ನಮ್ಮ ಬಾಬಾಸಾಹೇಬರು. ಓದುಗರು ಕೇಳುತ್ತಾರೆ, ತಿಳಿದವನು ಹೇಳಬೇಕು, ಇದರಲ್ಲಿ ಅಶ್ಲೀಲ ಏನೂ ಇಲ್ಲ ಅಂತ ವಾದಿಸಿದರು. ಕೇಸು ಸೋತಿತು, ಕರ್ವೆಯವರಿಗೆ ದಂಡ ಬಿತ್ತು. ಆಗ ನಮ್ಮ ಬಿಜಾಪುರ ಜಿಲ್ಲೆಯೂ ಅದೇ ಮುಂಬಯಿ ಪ್ರಾಂತದಲ್ಲಿತ್ತು. ಅಂದರೆ ಆ ಕೋರ್ಟು ನಮ್ಮ ಅಜ್ಜಂದಿರ ಕೋರ್ಟೂ ಹೌದು. ತೊಂಬತ್ತು ವರ್ಷಗಳ ಹಿಂದೆ ಬಾಬಾಸಾಹೇಬರು ನಾಚದೆ ನಿಂತ ಜಾಗದಲ್ಲಿ ನಾವು ಇವತ್ತು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತೇವೆ.

ಅದೇ 1934ರಲ್ಲಿ ಮುಂಬಯಿ ಪ್ರಾಂತ ಇನ್ನೊಂದು ಕೆಲಸ ಮಾಡಿತು, ದೇವದಾಸಿ ರಕ್ಷಣೆಯ ಕಾಯ್ದೆ ತಂದಿತು. ಮತ್ತೆ 1982ರಲ್ಲಿ ಕರ್ನಾಟಕ ಸರಕಾರ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ತಂದಿತು. ಇದನ್ನು ಇಲ್ಲಿ ಯಾಕೆ ತರುತ್ತೇವೆ? ಎದೆ ಗಟ್ಟಿ ಮಾಡಿಕೊಂಡು ಕೇಳಿರಿ, ಇದು ನಮ್ಮ ಮನೆಗಳ ಮಾತು.

ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುತ್ತಾರೆ. ಮುತ್ತು ಕಟ್ಟುವುದು ಅಂದರೆ ಮದುವೆ. ಯಾರ ಜೊತೆ? ದೇವಿಯ ಜೊತೆ. ಎಲ್ಲಮ್ಮ ಹೆಣ್ಣು. ಹೊಲೆಯರ ಮನೆಯ ಹೆಣ್ಣುಮಗಳಿಗೆ, ಮಾದಿಗರ ಮನೆಯ ಹೆಣ್ಣುಮಗಳಿಗೆ ಹೆಣ್ಣುದೇವರ ಜೊತೆ ಮದುವೆ. ಮುತ್ತು ಕಟ್ಟಿಸಿಕೊಂಡವಳು ತವರಿನಲ್ಲೇ ಉಳಿಯುತ್ತಾಳೆ, ಮಗನ ಸ್ಥಾನದಲ್ಲಿ ನಿಂತು ತಾಯಿತಂದೆಯನ್ನು ಸಾಕುತ್ತಾಳೆ, ಮಗನ ಹಾಗೆ ಪಾಲೂ ಪಡೆಯುತ್ತಾಳೆ. ಇದನ್ನು ನೋಡಿ ಕೆಲವು ಓದಿದವರು ನಮ್ಮ ಜನಪದದಲ್ಲಿ ಗಂಡು ಹೆಣ್ಣಿನ ಗೆರೆ ಎಷ್ಟು ಸಡಿಲ ಅಂತ ಬೆರಗಾಗುತ್ತಾರೆ. ಬೆರಗಾಗಲಿ. ಆ ಸಡಿಲಿನ ಬೆಲೆ ಎಷ್ಟು ಅಂತ ನಮ್ಮ ಅವ್ವಂದಿರನ್ನು ಕೇಳಲಿ. ಹೆಣ್ಣಿಗೆ ಹೆಣ್ಣಿನ ಜೊತೆ ಊರು ಒಪ್ಪಿದ ಮದುವೆ ಇದೊಂದೇ, ಅದೂ ಅವಳ ಮೈ ಮೇಲಿನ ಓಣಿಯ ಗಂಡಸರಿಗೆ ಬೀಗವಿಲ್ಲದ ಬಾಗಿಲು ಆಗಲಿ ಅಂತ ಒಪ್ಪಿದ ಮದುವೆ. ದೇವಿಯನ್ನು ಕಟ್ಟಿಕೊಂಡರೆ ಕುಂಕುಮ ಹಚ್ಚಿ ಮೆರವಣಿಗೆ ಮಾಡುವ ಊರು, ಪಕ್ಕದ ಮನೆಯ ಗೆಳತಿಯ ಜೊತೆ ಇರುತ್ತೇನೆ ಅಂದರೆ ಕೊಡಲಿ ಎತ್ತುತ್ತದೆ. ಯಾಕ? ಮೊದಲನೆಯದರಲ್ಲಿ ಅವಳ ಇಚ್ಛೆ ಇಲ್ಲ. ಎರಡನೆಯದರಲ್ಲಿ ಐತಿ. ಅಷ್ಟೇ ವ್ಯತ್ಯಾಸ. ಊರಿಗೆ ಬೇಡಾದದ್ದು ಹೆಣ್ಣಿಗೆ ಹೆಣ್ಣು ಅಲ್ಲ, ಹೆಣ್ಣಿನ ಇಚ್ಛೆ.

ಮುತ್ತು ಕಟ್ಟಿದವರಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾದ ಜೋಗತಿಯರೂ ಇದ್ದಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ಚಪ್ಪಾಳೆ ಹೊಡೆದೆವು. ಅವರ ಹಾದಿ ಬೇರೆ, ಇಲ್ಲಿ ಹೇಳುತ್ತಿರುವ ಹೆಣ್ಣುಗಳ ಹಾದಿ ಬೇರೆ. ಆದರೆ ಕಣ್ಣಿಗೆ ಕಾಣುವುದು, ಹೆಸರು ಬರುವುದು ಎಂದರೇನು ಅಂತ ಅವರಿಂದ ಕಲಿಯಬೇಕು.

ಬಸವನಬಾಗೇವಾಡಿಯವರು ಇಲ್ಲಿದ್ದೀರಿ, ಕಲ್ಯಾಣದ ಮಾತು ನಿಮಗೆ ಹೇಳಬೇಕಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬೀಗರಿಬ್ಬರನ್ನೂ ಎಳೆಹೂಟೆ ಕಟ್ಟಿ ಕೊಂದರು ಅಂತ ಶರಣರ ಚರಿತ್ರೆ ಹೇಳುತ್ತದೆ. ದಯೆ ಧರ್ಮದ ಮಾತಿಗೆ ಬಿಜ್ಜಳನ ಕಲ್ಯಾಣ ಅಷ್ಟು ಹೆದರಲಿಲ್ಲ, ಒಂದು ಮದುವೆಗೆ ಹೆದರಿತು. ಯಾರು ಯಾರನ್ನು ಕೂಡಬೇಕು ಅನ್ನುವ ಕಟ್ಟು ಮುರಿದಾಗ ಆನೆ ಬಂತು. ನಮ್ಮ ಪಕ್ಕದ ಮುದನೂರಿನ ದಾಸಿಮಯ್ಯ ಒಳಗೆ ಸುಳಿವ ಆತ್ಮಕ್ಕೆ ಹೆಣ್ಣೂ ಇಲ್ಲ ಗಂಡೂ ಇಲ್ಲ ಅನ್ನುವ ಅರ್ಥದ ಮಾತು ಹೇಳಿ ಸಾವಿರ ವರ್ಷವಾಗುತ್ತ ಬಂತು. ಆ ವಚನವನ್ನು ಜಯಂತಿಯ ದಿನ ಮೈಕಿನಲ್ಲಿ ಹಾಡುತ್ತೇವೆ. ಮರುದಿನ ಮಗಳ ಕಾಲು ಕಟ್ಟುತ್ತೇವೆ.

ಇನ್ನು ಬಿಳಿಯರ ಕಾನೂನು. 1860ರ ದಂಡಸಂಹಿತೆಯಲ್ಲಿ 377ನೆಯ ಕಲಮು ಬರೆದರು, ಪ್ರಕೃತಿಗೆ ವಿರುದ್ಧವಾದ ಕೂಟ ಅಪರಾಧ ಅಂತ. ಅದನ್ನು ಗಂಡಿನ ದೇಹವನ್ನಷ್ಟೇ ಲೆಕ್ಕ ಹಿಡಿದು ಬರೆದಿದ್ದರು. ಹೆಣ್ಣು ಹೆಣ್ಣು ಕೂಡುವುದು ಆ ಸಾಹೇಬರ ತಲೆಗೇ ಹೋಗಿರಲಿಲ್ಲ. 1921ರಲ್ಲಿ ಅವರ ಊರಾದ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಹೆಣ್ಣುಗಳ ಮೇಲೂ ಅಂಥ ಕಲಮು ಹಾಕೋಣ ಅನ್ನುವ ಸೂಚನೆ ಬಂತು. ಲಾರ್ಡುಗಳ ಸಭೆ ಅದನ್ನು ತಳ್ಳಿಹಾಕಿತು. ಕರುಣೆಯಿಂದಲ್ಲ. ಕಾನೂನು ಮಾಡಿದರೆ ಇಂಥದೊಂದು ಇದೆ ಅಂತ ನಮ್ಮ ಹೆಂಗಸರಿಗೆ ನಾವೇ ಹೇಳಿಕೊಟ್ಟಂತಾಗುತ್ತದೆ ಅಂತ. ನೋಡಿರಿ, ಎರಡು ಥರದ ಶಿಕ್ಷೆ ಇವೆ. ಒಂದು ಮನುವಿನದು, ಕಂಡರೆ ಬೆರಳು ಕತ್ತರಿಸು. ಇನ್ನೊಂದು ಲಾರ್ಡುಗಳದು, ಕಾಣದ ಹಾಗೆ ಇಡು, ಹೆಸರೇ ಎತ್ತಬೇಡ. ನಮ್ಮ ಊರುಗಳು ಎರಡನ್ನೂ ಕಲಿತಿವೆ.

ಹೆಸರಿನ ಮಾತು ಬಂತು. ಗ್ರೀಸ್ ದೇಶದ ಲೆಸ್ಬೋಸ್ ಅನ್ನುವ ನಡುಗಡ್ಡೆಯಲ್ಲಿ ಎರಡೂವರೆ ಸಾವಿರ ವರ್ಷಗಳ ಹಿಂದೆ ಸಾಫೋ ಅನ್ನುವ ಕವಿ ಇದ್ದಳು. ಹೆಣ್ಣಿನ ಮೇಲಿನ ಒಲವನ್ನು ಹಾಡಿದವಳು. ಆ ನಡುಗಡ್ಡೆಯ ಹೆಸರಿನಿಂದಲೇ ಲೆಸ್ಬಿಯನ್ ಅನ್ನುವ ಮಾತು ಬಂತು. ಅವಳ ಪದಗಳೂ ಬಹಳಷ್ಟು ನಾಶವಾಗಿ ಚೂರುಗಳಷ್ಟೇ ಉಳಿದಿವೆ. ಕನ್ನಡದ ಪೇಪರುಗಳು "ಸಲಿಂಗಕಾಮಿ" ಅಂತ ಬರೆಯುತ್ತವೆ. ಗಂಡು ಹೆಣ್ಣು ಕೂಡಿದರೆ ಪ್ರೇಮಿಗಳು, ಹೆಣ್ಣು ಹೆಣ್ಣು ಕೂಡಿದರೆ ಕಾಮಿಗಳು! ನಮಗೆ ಈ ಆಟ ಗೊತ್ತು. ಹೊರಗಿನವರು ನಮಗೆ ಹರಿಜನ ಅಂತ ಹೆಸರಿಟ್ಟರು. ಅದನ್ನು ಒಗೆದು ದಲಿತ ಅಂತ ನಮ್ಮ ಹೆಸರನ್ನು ನಾವೇ ಇಟ್ಟುಕೊಂಡೆವು. ಇವರೂ ತಮಗೆ ಬೇಕಾದ ಹೆಸರನ್ನು ತಾವೇ ಇಟ್ಟುಕೊಳ್ಳಲಿ. ಲೆಸ್ಬಿಯನ್ ಅನ್ನಲಿ, ಸಲಿಂಗಪ್ರೇಮಿ ಅನ್ನಲಿ, ನಮ್ಮೂರಿನ ಹಳೆಯ ಮಾತಾದ ಗೆಳತಿ ಅನ್ನಲಿ.

ಈ ಹೆಣ್ಣುಗಳು ಕಣ್ಣಿಗೆ ಕಾಣತೊಡಗಿದ್ದು ಹೇಗೆ? ಒಂದೊಂದೇ ಹೇಳುತ್ತೇವೆ. 1942ರಲ್ಲಿ ಉರ್ದುವಿನಲ್ಲಿ ಇಸ್ಮತ್ ಚುಗ್ತಾಯಿ 'ಲಿಹಾಫ್' ಕಥೆ ಬರೆದರು. ಗಂಡನಿಂದ ಕಡೆಗಣಿಸಿದ ಬೇಗಂ, ಅವಳ ಕೆಲಸದ ಹೆಂಗಸು, ಇವರಿಬ್ಬರ ಕಥೆ. ಅಶ್ಲೀಲ ಅಂತ ಲಾಹೋರಿನ ಕೋರ್ಟಿಗೆ ಎಳೆದರು, ಇಸ್ಮತ್ ತಪ್ಪೊಪ್ಪಿಕೊಳ್ಳದೆ ನಿಂತು ಗೆದ್ದರು. ನಾವು ಆ ಕಥೆಯನ್ನು ಮೆಚ್ಚುತ್ತೇವೆ, ಜೊತೆಗೆ ಒಂದು ಪ್ರಶ್ನೆಯನ್ನೂ ಇಡುತ್ತೇವೆ. ಬೇಗಂಳ ದುಃಖ ಲೋಕಕ್ಕೆ ಗೊತ್ತಾಯಿತು. ಆ ಕೆಲಸದವಳ ದುಃಖ? ಅವಳ ಮನಸ್ಸಿನಲ್ಲಿ ಏನಿತ್ತು?

1987ರಲ್ಲಿ ಮಧ್ಯಪ್ರದೇಶದ ಲೀಲಾ ಮತ್ತು ಊರ್ಮಿಳಾ ಅನ್ನುವ ಇಬ್ಬರು ಪೊಲೀಸ್ ಪೇದೆಗಳು ತಾವೇ ಮದುವೆಯಾದರು. ಕೆಲಸದಿಂದ ತೆಗೆದು ಊರಿಗೆ ಅಟ್ಟಿದರು. ಅವರು ಸಿನಿಮಾದವರಲ್ಲ, ಶ್ರೀಮಂತರಲ್ಲ, ಖಾಕಿ ಹಾಕಿ ಸಂಬಳಕ್ಕೆ ದುಡಿದವರು. ಇದು ಶಹರದ ದೊಡ್ಡ ಮನೆಯ ಚಟ ಅನ್ನುವವರು ಅವರನ್ನು ನೆನಪಿಡಲಿ. 1991ರಲ್ಲಿ ದಿಲ್ಲಿಯಲ್ಲಿ ಸಖಿ, 1995ರಲ್ಲಿ ಮುಂಬಯಿಯಲ್ಲಿ ಸ್ತ್ರೀ ಸಂಗಮ, 1999ರಲ್ಲಿ ಕಲಕತ್ತೆಯಲ್ಲಿ ಸಾಫೋ ಅನ್ನುವ ಗುಂಪುಗಳು ಹುಟ್ಟಿದವು. ಮೊದಮೊದಲು ಅಂಚೆಪೆಟ್ಟಿಗೆಯ ನಂಬರು, ಯಾರದೋ ಮನೆಯ ಜಗಲಿ, ಕೈಯಲ್ಲಿ ಹಂಚುವ ಹಾಳೆಗಳು. ನಮ್ಮ ಚಳವಳಿಯೂ ಹಾಗೇ ಹುಟ್ಟಿತ್ತಲ್ಲವೇ?

ದೀಪಾ ಮೆಹ್ತಾರ 'ಫೈರ್' ಸಿನಿಮಾ 1998ರ ನವೆಂಬರಿನಲ್ಲಿ ನಮ್ಮ ದೇಶದಲ್ಲಿ ತೆರೆ ಕಂಡಿತು. ಒಂದೇ ಮನೆಯ ಇಬ್ಬರು ಸೊಸೆಯರ ಪ್ರೀತಿಯ ಕಥೆ. ಡಿಸೆಂಬರಿನಲ್ಲಿ ಶಿವಸೇನೆಯವರು ಮುಂಬಯಿಯಲ್ಲಿ, ದಿಲ್ಲಿಯಲ್ಲಿ ಟಾಕೀಸುಗಳ ಗಾಜು ಒಡೆದರು. ನಮ್ಮ ಸಂಸ್ಕೃತಿಯಲ್ಲಿ ಇದಿಲ್ಲ ಅಂದರು. ಆಗ ದಿಲ್ಲಿಯ ಟಾಕೀಸಿನ ಮುಂದೆ ಮೇಣಬತ್ತಿ ಹಿಡಿದು ನಿಂತವರಲ್ಲಿ ಕೆಲವರು ತಾವು ಭಾರತೀಯರು, ತಾವು ಲೆಸ್ಬಿಯನ್ನರು ಅಂತ ಬರೆದ ಹಲಗೆ ಎತ್ತಿ ಹಿಡಿದರು. ಅಷ್ಟು ದಿನ ಬೇರೆಯವರ ಬಾಯಲ್ಲಿ ಬೈಗುಳವಾಗಿದ್ದ ಮಾತು ಅವರ ಕೈಯಲ್ಲಿ ಹಲಗೆಯಾಯಿತು. ಗಾಜು ಒಡೆದವರಿಗೆ ಇದು ಬೇಕಾಗಿರಲಿಲ್ಲ. ಆದರೂ ಆಯಿತು.

ಕೇರಳದಲ್ಲಿ 2002ರಲ್ಲಿ ಸಹಯಾತ್ರಿಕ ಹುಟ್ಟಿತು. ಜೋಡಿಯಾಗಿ ಪ್ರಾಣ ಬಿಟ್ಟ ಹೆಣ್ಣುಗಳ ಸುದ್ದಿಯನ್ನು ಪೇಪರಿನ ಮೂಲೆಗಳಿಂದ ಆರಿಸಿ ಅವರ ಊರುಗಳಿಗೆ ಹೋಗಿ ಕೇಳಿ ಬರೆದಿಟ್ಟವರು ಅವರು. ಅಂಥ ಹೆಣ್ಣುಗಳಲ್ಲಿ ದಲಿತರು, ಆದಿವಾಸಿಗಳು, ಬಡವರು ಇದ್ದರು. ನಮ್ಮ ಬೆಂಗಳೂರಿನಲ್ಲಿ 1999ರಲ್ಲಿ ಸಂಗಮ, ಅದರ ನಂತರ ಲೆಸ್‌ಬಿಟ್ ಅನ್ನುವ ಗುಂಪುಗಳು ಬಂದವು. 2008ರ ಜೂನ್ 29ರಂದು ಬೆಂಗಳೂರಿನ ಬೀದಿಯಲ್ಲಿ ಮೊದಲ ಸ್ವಾಭಿಮಾನ ಮೆರವಣಿಗೆ ನಡೆಯಿತು. ಮುಖ ಮುಚ್ಚಿಕೊಂಡು ನಡೆದವರೂ ಇದ್ದರು. ನಾವು ಅದಕ್ಕೆ ನಗುವುದಿಲ್ಲ. ಜಾತಿ ಮುಚ್ಚಿಟ್ಟು ಶಹರದಲ್ಲಿ ಖೋಲಿ ಬಾಡಿಗೆ ಹಿಡಿದ ನಮಗೆ ಮುಖ ಮುಚ್ಚಿಕೊಳ್ಳುವುದು ಏನು ಅಂತ ಗೊತ್ತು.

2019ರಲ್ಲಿ ಒಡಿಶಾದ ಹಳ್ಳಿಯ ನೇಕಾರರ ಮಗಳು ದ್ಯುತಿ ಚಂದ್, ಏಷ್ಯಾ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದ ಓಟಗಾರ್ತಿ, ನಾನು ನಮ್ಮೂರಿನ ಹುಡುಗಿಯನ್ನು ಪ್ರೀತಿಸುತ್ತೇನೆ ಅಂತ ಲೋಕಕ್ಕೆ ಹೇಳಿದಳು. ಮನೆಯವರು ಮುನಿದರು, ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಳ್ಳಿಯ ಹುಡುಗಿ, ನಮ್ಮೂರಿನ ಹುಡುಗಿ. ಕೇಳಿಸಿತೇನ್ರಿ?

ಕೋರ್ಟಿನ ಹಾದಿಯನ್ನೂ ತಿಳಿದಿರಬೇಕು. 2009ರ ಜುಲೈ 2ರಂದು ದಿಲ್ಲಿ ಹೈಕೋರ್ಟು 377ನೆಯ ಕಲಮಿನ ಹಲ್ಲು ಕಿತ್ತಿತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಜೋಡಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಪ್ರಾಯ ಬಂದವರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂತ ತೀರ್ಪು ಕೊಟ್ಟರು. ಆ ತೀರ್ಪಿನಲ್ಲಿ ಎದ್ದು ಕಾಣುವ ಮಾತು ಸಂವಿಧಾನದ ನೈತಿಕತೆ. ಊರಿನ ನೀತಿ ಬೇರೆ, ಸಂವಿಧಾನದ ನೀತಿ ಬೇರೆ, ಗೆಲ್ಲಬೇಕಾದದ್ದು ಸಂವಿಧಾನದ್ದು ಅಂತ. ಈ ಮಾತನ್ನು ಸಂವಿಧಾನ ಸಭೆಯಲ್ಲಿ ತಂದು ಇಟ್ಟವರು ಬಾಬಾಸಾಹೇಬರು. ಅವರ ಮಾತಿನಿಂದ ಅವರು ಗೆದ್ದರು, ನಾವು ನೋಡುತ್ತ ಕೂತೆವು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕು ಕೇಳಿದಾಗ ಸುಪ್ರೀಂ ಕೋರ್ಟು ಕೊಡಲಿಲ್ಲ. ಆದರೆ ಕೂಡಿ ಬಾಳುವುದು ತಪ್ಪಲ್ಲ. 2022ರಲ್ಲಿ ಕೇರಳ ಹೈಕೋರ್ಟು ಮನೆಯವರು ಅಗಲಿಸಿದ್ದ ಇಬ್ಬರು ಯುವತಿಯರನ್ನು ಕೂಡಿ ಇರಲು ಬಿಟ್ಟಿತು. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಹೈಕೋರ್ಟುಗಳಿಗೆ ಹೇಳಿತು: ಇಂಥ ಕೇಸಿನಲ್ಲಿ ಪ್ರಾಯ ಬಂದವಳ ಇಚ್ಛೆಯನ್ನು ಕೇಳಿರಿ, ಬುದ್ಧಿ ಹೇಳುವ ನೆಪದಲ್ಲಿ ಅವಳ ಮನಸ್ಸು ತಿರುಗಿಸಲು ಹೋಗಬೇಡಿರಿ. ಅಂದರೆ ನಾವು ಆ ರಾತ್ರಿ ಚಹಾ ಕುಡಿಸಿ ಮಾ‌ಡಿದ ಕೆಲಸವನ್ನು ಮಾಡಬೇಡಿರಿ ಅಂತ.

ಚಳವಳಿಗೂ ಇದಕ್ಕೂ ಏನು ಸಂಬಂಧ ಅನ್ನುವವರಿಗೆ ಒಂದು ಕಡೆಯ ಮಾತು. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಹೆಸರು ತಂದದ್ದು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ಸಿನಿಂದ. ಆ ಕಿಡಿ ನಮ್ಮ ಕರ್ನಾಟಕದ ದಲಿತ ಚಳವಳಿಗೂ ಹಾರಿತು. ಆ ಬ್ಲ್ಯಾಕ್ ಪ್ಯಾಂಥರ್ಸಿನ ಮುಂದಾಳು ಹ್ಯುಯಿ ನ್ಯೂಟನ್ 1970ರ ಆಗಸ್ಟಿನಲ್ಲೇ ತನ್ನ ಸಂಗಾತಿಗಳಿಗೆ ಹೇಳಿದ: ಹೆಂಗಸರ ಚಳವಳಿಯನ್ನೂ ಸಲಿಂಗಿಗಳ ಚಳವಳಿಯನ್ನೂ ನಮ್ಮ ಜೊತೆ ಕೂಡಿಸಿಕೊಳ್ಳಬೇಕು, ಅವರನ್ನು ಹಂಗಿಸುವ ಬೈಗುಳ ನಮ್ಮ ಬಾಯಿಂದ ಹೋಗಬೇಕು. 1977ರಲ್ಲಿ ಬಾಸ್ಟನ್ನಿನ ಕಾಂಬಾಹೀ ರಿವರ್ ಕಲೆಕ್ಟಿವ್ ಅನ್ನುವ ಕರಿಯ ಹೆಣ್ಣುಗಳ ಗುಂಪು, ಅವರಲ್ಲಿ ಲೆಸ್ಬಿಯನ್ನರೇ ಬಹಳ, ಒಂದು ಹೇಳಿಕೆ ಹೊರಡಿಸಿತು. ಬಣ್ಣದ ಹಿಂಸೆ, ಬಡತನದ ಹಿಂಸೆ, ಹೆಣ್ಣೆಂಬ ಹಿಂಸೆ ಒಂದೇ ಹಗ್ಗದ ಎಳೆಗಳು ಅಂತ ತೋರಿಸಿತು. ಪ್ಯಾಂಥರ್ ಅನ್ನುವ ಹೆಸರನ್ನು ಏಳು ಸಮುದ್ರ ದಾಟಿಸಿ ತಂದೆವು. ಈ ಬುದ್ಧಿಯನ್ನು ಯಾಕೆ ಬಂದರಿನಲ್ಲೇ ಬಿಟ್ಟು ಬಂದೆವು?

ಹಾಗಾದರೆ ಏನು ಮಾಡಬೇಕು? ಭಾಷಣ ಕೇಳಿ ಊಟ ಮಾಡಿ ಹೋಗುವುದು ಬೇಡ. ನಾಲ್ಕು ತಾಲೂಕಿನ ಮುಂದೆ ನಾಲ್ಕು ಮಾತು ಇಡುತ್ತೇವೆ.

ಒಂದು. ಸಂಘದ ಬಾಗಿಲಿಗೆ ಬಂದ ಹೆಣ್ಣನ್ನು ಅವಳು ಒಲ್ಲೆ ಅಂದಮೇಲೆ ಮನೆಗೆ ಮುಟ್ಟಿಸುವ ಕೆಲಸ ಇನ್ನು ಮುಂದೆ ನಮ್ಮದಲ್ಲ. ಜಾತಿ ಮೀರಿದ ಜೋಡಿಗೆ ಕೊಟ್ಟ ಕಾವಲನ್ನು ಈ ಜೋಡಿಗೂ ಕೊಡಬೇಕು.

ಎರಡು. ಅವಳ ಹೆಸರು, ಊರು, ಅವಳ ಗುಟ್ಟು ಅವಳದು. ಕಾಣಿಸಿಕೊಳ್ಳುವುದು ಒಳ್ಳೆಯದು ಅಂತ ಯಾರನ್ನೂ ನಾವು ಬಯಲಿಗೆ ಎಳೆಯಬಾರದು. ಯಾವಾಗ, ಯಾರ ಮುಂದೆ ಕಾಣಿಸಬೇಕು ಅನ್ನುವುದನ್ನು ಅವಳೇ ಗೊತ್ತು ಮಾಡಲಿ.

ಮೂರು. ಕಾನೂನು ತಿಳಿದಿರಬೇಕು. ಹದಿನೆಂಟು ದಾಟಿದ ಹೆಣ್ಣು ತನಗೆ ಬೇಕಾದಲ್ಲಿ ಇರಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ, 1987ರ ಕಾಯ್ದೆಯೇ ಹೇಳುತ್ತದೆ. ಈ ಹಾಳೆಯನ್ನು ಸಂಘದ ಖೋಲಿಯ ಗೋಡೆಗೆ ಹಚ್ಚಿರಿ.

ನಾಲ್ಕು. ಬೈಗುಳ ನಿಲ್ಲಿಸೋಣ. ನಮ್ಮ ಹಾಡುಗಳಲ್ಲಿ, ಬೀದಿನಾಟಕಗಳಲ್ಲಿ ವೈರಿಯನ್ನು ಹೀಯಾಳಿಸಲು "ಹೆಣ್ಣಿಗ" ಅಂತೀವಿ, "ಬಳೆ ತೊಟ್ಟುಕೋ" ಅಂತೀವಿ. ಬಳೆ ತೊಟ್ಟ ಕೈಗಳೇ ಈ ಶಿಬಿರದ ರೊಟ್ಟಿ ಬಡಿದಿವೆ. 2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಬಂತು, ಗಂಡನ್ನು ಒಲಿದ ಗಂಡಿನ ಕಥೆಗಳು. ಹೆಣ್ಣನ್ನು ಒಲಿದ ಹೆಣ್ಣಿನ ಒಂದು ಪುಸ್ತಕವೂ ನಮ್ಮ ಶಿಬಿರದ ಮೇಜಿನ ಮೇಲಿಲ್ಲ. ತರಿಸೋಣ. ಸಿಗದಿದ್ದರೆ ನಾವೇ ಬರೆಯೋಣ. ಗರತಿಯಲ್ಲದವಳ ಹಾಡನ್ನು ಈ ಸಲ ಬೇರೆ ಯಾರೋ ಬಂದು ಬರೆದುಕೊಳ್ಳಲಿ ಅಂತ ಕಾಯುವುದು ಬೇಡ.

ಮುಗಿಸುತ್ತೇವೆ. ಈ ಭಾಷಣದ ತುಂಬ ನಾವು, ನಾವು ಅಂದೆವು. ಕೇಳುವಾಗ ನೀವು ಯಾರ್ಯಾರನ್ನು ಎಣಿಸಿದಿರಿ? ಸಂಘದ ಹುಡುಗರನ್ನು ಎಣಿಸಿದಿರಿ. ಹಿರಿಯರನ್ನು ಎಣಿಸಿದಿರಿ. ಇನ್ನೊಮ್ಮೆ ಎಣಿಸಿರಿ. ಈ ಖೋಲಿಯಲ್ಲೇ, ಈ ಜಮಖಾನೆಯ ಮೇಲೇ, ಎಣಿಕೆಯಲ್ಲಿ ಬಿಟ್ಟುಹೋದವರು ಇದ್ದಾರೆ. ಆ ರಾತ್ರಿ ಹಿಂದಕ್ಕೆ ಕಳಿಸಿದವರೂ ನಾವೇ. ಹಿಂದಕ್ಕೆ ಹೋದವರೂ ನಾವೇ.

ಜೈ ಭೀಮ್.